ಗಾಜು, ಗಾಳಿ, ಗಿರಣಿ

ಕಳೆದ ವರ್ಷ ಆಷಾಢದಲ್ಲಿ ಬೈಕ್ ಹತ್ತಿ ಊರಿಗೆ ಹೋಗಿದ್ದೆ. ಬೆಂಗಳೂರಿಂದ ರಾಣೇಬೆನ್ನೂರಿಗೆ ಸುಮಾರು 300 ಕಿ.ಮೀ. ಬೆಳಿಗ್ಗೆ ಐದಕ್ಕೆ ಬಿಟ್ಟವನು ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲಿನ ಗಾಳಿಯಂತ್ರಗಳು ಭರ್ರಂತ ತಿರುಗೋದನ್ನ ನೋಡಿ "ಇವತ್ತು ನನ್ನ ಕಥೆ ಮುಗೀತು" ಅಂದುಕೊಂಡಿದ್ದೆ. ಹನ್ನೊಂದರ ಹೊತ್ತಿಗೆ ಮನೆ ಮುಂದೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಅವ್ವ ಬಾಗಿಲಲ್ಲಿ ನಿಂತು ಏನೋ ಅಂದಳು. ತುಟಿ ಅಲ್ಲಾಡಿದ್ದು ಕಾಣಿಸ್ತು, ಮಾತು ಕೇಳಿಸಲಿಲ್ಲ. "ಆಂ?" ಅಂದೆ. ಮತ್ತೆ ಹೇಳಿದಳು. ಮತ್ತೆ "ಆಂ?"

"ನೀನೂ ನಿಮ್ಮಪ್ಪನಂಗ ಆದಿ ನೋಡು" ಅಂದಳು. ಇದು ಮಾತ್ರ ಸ್ಪಷ್ಟವಾಗಿ ಕೇಳಿಸ್ತು!

ಅಪ್ಪನ ಕಥೆ ಹೇಳಿಬಿಡ್ತೀನಿ. ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ, ಪಕ್ಕದಲ್ಲೇ ಕಾರ ಕುಟ್ಟೋ ಮಷೀನು. ಬೆಳಿಗ್ಗೆ ಬೆಲ್ಟ್ ಏರಿಸಿದರೆ ರಾತ್ರಿ ಎಂಟರ ತನಕ ಅದೇ ಸದ್ದು. ಈಗ ಅವ್ವ "ಸಕ್ರಿ ತಗೊಂಬರ್ರಿ" ಅಂದರೆ ಅಕ್ಕಿ ತರ್ತಾನೆ. ಮನೆಯಲ್ಲಿ ಇದೊಂದು ಜೋಕು. ನಾನೂ ನಗ್ತಿದ್ದೆ.

ಆ ಸಲ ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂತಿತ್ತು. ಬೆಂಗಳೂರಿಗೆ ವಾಪಸ್ ಬಂದು ಕಿವಿ ಡಾಕ್ಟರ ಹತ್ತಿರ ಹೋದೆ. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಿ ಅಂತ ಕೂರಿಸಿದರು. ಗ್ರಾಫು ಚೆನ್ನಾಗಿಯೇ ಹೋಗ್ತಾ ಇದ್ದು 4000 ಹರ್ಟ್ಸ್ ಹತ್ತಿರ ಸಣ್ಣ ಹೊಂಡಕ್ಕೆ ಬಿದ್ದಿತ್ತು. "ಫ್ಯಾಕ್ಟರಿ ಕೆಲಸಾನಾ?" ಅಂದರು ಡಾಕ್ಟರು. "ಇಲ್ಲ ಸಾರ್, ಸಾಫ್ಟ್‌ವೇರು." ಅವರು ಪೆನ್ನು ಕೆಳಗಿಟ್ಟರು. ಬೈಕಿನ ವಿಷಯ ಹೇಳಿದೆ. ಜೋರು ಸದ್ದಿಗೆ ಮೊದಲು ಪೆಟ್ಟು ತಿನ್ನೋದು ಆ 4000ದ ಸುತ್ತಲಿನ ಜಾಗವಂತೆ. ಸ, ಶ ತರಹದ ಅಕ್ಷರಗಳಿಗೆ ಬೇಕಾಗೋದೂ ಈ ಮೇಲಿನ ಸ್ವರಗಳೇ. ಹೋದದ್ದು ವಾಪಸ್ ಬರಲ್ಲ. ಸಕ್ರಿ ಅಕ್ಕಿಯಾಗೋದು ಯಾಕೆ ಅಂತ ಅವತ್ತು ಗೊತ್ತಾಯ್ತು. ನಗು ಬರಲಿಲ್ಲ.

ಎಲ್ಲರೂ ಅಂದುಕೊಳ್ಳೋದು ಸದ್ದು ಸೈಲೆನ್ಸರ್‌ದು ಅಂತ. ಅಲ್ಲ. 60-70 ದಾಟಿದ ಮೇಲೆ ಹೆಲ್ಮೆಟ್ಟಿನ ಒಳಗೆ ಗಾಳಿಯ ಸದ್ದು ಇಂಜಿನ್ ಸದ್ದನ್ನು ನುಂಗಿಬಿಡುತ್ತೆ. 100ರ ವೇಗದಲ್ಲಿ 95ರಿಂದ 100 ಡೆಸಿಬೆಲ್ ಆಗೋದು ಮಾಮೂಲು. ಅಮೆರಿಕದ ನಿಯೋಷ್ ಸಂಸ್ಥೆ ಕಾರ್ಮಿಕರಿಗೆ ಇಟ್ಟ ಮಿತಿ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ. ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧ. ಲೆಕ್ಕ ಹಾಕಿ ನೋಡಿ, 100 ಡೆಸಿಬೆಲ್ಲಿಗೆ ಸಿಗೋದು ಬರೀ 15 ನಿಮಿಷ. ನಾನು ಕೂತಿದ್ದು ಐದು ಗಂಟೆಗೂ ಹೆಚ್ಚು.

ಸರಿ, ದೊಡ್ಡ ಗಾಜು ಹಾಕಿಸಿದರೆ ಆಯ್ತಲ್ಲ ಅಂದುಕೊಂಡೆ. (ಗಾಡಿ ಯಾವುದು ಅಂತ ಹೇಳಲ್ಲ. ಹೇಳಿದರೆ ಒಂದಷ್ಟು ಜನ ಅದರ ಪರವಾಗಿ, ಒಂದಷ್ಟು ಜನ ವಿರುದ್ಧವಾಗಿ ನನ್ನ ತಲೆ ತಿಂತಾರೆ.) ಗಾಡಿ ಜೊತೆ ಬಂದಿದ್ದ ಗಾಜು ಅಂಗೈ ಎರಡರಷ್ಟು. ಅದನ್ನು ಬಿಚ್ಚಿ, ಆನ್‌ಲೈನಲ್ಲಿ ಸಿಕ್ಕಿದ್ದರಲ್ಲೇ ಅತಿ ಎತ್ತರದ್ದನ್ನ ತರಿಸಿ ಕೂರಿಸಿದೆ. ನೋಡೋಕೆ ಆಟೋ ತರಹ ಇತ್ತು.

ದಾಬಸ್‌ಪೇಟೆ ತನಕ ಒಂದು ರೌಂಡು ಹೊಡೆದೆ. ಎದೆಗೆ ಗಾಳಿಯೇ ಇಲ್ಲ, ಆಹಾ! ಆದರೆ 80 ದಾಟಿದ್ದೇ ತಡ, ಯಾರೋ ಹೆಲ್ಮೆಟ್ ಹಿಡಿದು ಗಡಗಡ ಅಲ್ಲಾಡಿಸಿದ ಹಾಗೆ. ರಸ್ತೆ ಬೋರ್ಡಿನ ಅಕ್ಷರ ಎರಡೆರಡು ಕಾಣ್ತಿದ್ದವು. ಸದ್ದು ಮೊದಲಿಗಿಂತ ಜಾಸ್ತಿ. ತಲೆಕೆಟ್ಟು ಫುಟ್‌ರೆಸ್ಟ್ ಮೇಲೆ ಎದ್ದು ನಿಂತೆ ನೋಡಿ... ಗಾಳಿ ಮುಖಕ್ಕೆ ಪೂರ್ತಿ ಬಡೀತಾ ಇದೆ, ಆದರೆ ಸದ್ದು ಇಳಿದುಹೋಯ್ತು! ಸುಮ್ಮನೆ ಒಂದೇ ಸಮ ಹರಿಯೋ ನೀರಿನ ಸದ್ದು. ಕೂತೆ, ಗಡಗಡ. ಗಾಜಿನ ಹಿಂದೆ ಬಗ್ಗಿದೆ, ಶಾಂತಿ. ಅಂದರೆ ಗಾಜಿನ ಮೇಲೆ ಒಳ್ಳೆ ಗಾಳಿ, ಕೆಳಗೆ ಗಾಳಿಯೇ ಇಲ್ಲ, ನಡುವೆ ಒಂದು ಗಲೀಜು ಪಟ್ಟಿ. ನನ್ನ ತಲೆ ಸರಿಯಾಗಿ ಆ ಪಟ್ಟಿಯಲ್ಲಿ.

ಆಮೇಲೆ ಓದಿಕೊಂಡೆ. ಗಾಜಿನ ಹಿಂದೆ ಒತ್ತಡ ಕಡಿಮೆ ಆಗುತ್ತೆ. ಅಂಚು ದಾಟಿದ ಗಾಳಿ ಆ ಖಾಲಿ ಜಾಗಕ್ಕೆ ಸುರುಳಿ ಸುತ್ತಿಕೊಂಡು ಬೀಳುತ್ತೆ. ಕಾಲುವೆಯಲ್ಲಿ ಕಲ್ಲಿನ ಹಿಂದೆ ನೀರು ಸುಳಿಯುತ್ತಲ್ಲ, ಹಾಗೆ. ನನಗೆ ಏಟು ಕೊಡ್ತಿದ್ದದ್ದು ಈ ಸುಳಿಗಳು. ಗಾಳಿಯನ್ನ ನಿಲ್ಲಿಸೋಕೆ ಹೋಗಿ ನಾನೇ ಸುಳಿ ತಯಾರಿಸಿಕೊಂಡಿದ್ದೆ. ನಾಲ್ಕು ವರ್ಷ ಇಂಜಿನಿಯರಿಂಗ್‌ನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಓದೋ ಪಕ್ಕದ ಬ್ರಾಂಚಿನವರನ್ನ ನೋಡಿ ಅಯ್ಯೋ ಪಾಪ ಅಂದದ್ದಕ್ಕೆ ಶಿಕ್ಷೆ.

ಆ ಗಾಜಿನದು ಇನ್ನೂ ಒಂದು ಕಥೆ ಇದೆ. ಬೋಲ್ಟು ಅಲ್ಲಾಡದಿರಲಿ ಅಂತ ನೀಲಿ ಥ್ರೆಡ್‌ಲಾಕರ್ ಹಚ್ಚಿ ಬಿಗಿ ಮಾಡಿದ್ದೆ. ಬೆಳಿಗ್ಗೆ ನೋಡಿದರೆ ತೂತಿನ ಸುತ್ತ ಜೇಡರ ಬಲೆ ತರಹ ಸಣ್ಣ ಸಣ್ಣ ಬಿರುಕು. ಪಾಲಿಕಾರ್ಬೊನೇಟಿಗೆ ಆ ದ್ರವ ಆಗಿಬರಲ್ಲ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸೋದು, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಹಾಕೋದು, ಅದೂ ಕೂಡದು. ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಗಾಜು ಕಲ್ಲಿನ ಏಟು ತಡೆಯುತ್ತೆ, ನಮ್ಮ ಅತಿಬುದ್ಧಿ ತಡೆಯಲ್ಲ.

ಹಳೇ ಸಣ್ಣ ಗಾಜನ್ನ ವಾಪಸ್ ಹಾಕಿದೆ. ಅದರ ಅಂಚಿಗೆ ಕ್ಲಾಂಪಲ್ಲಿ ಕೂರೋ ಸಣ್ಣ ಡಿಫ್ಲೆಕ್ಟರ್ ಒಂದು ತಂದೆ. ಎತ್ತರ, ಓರೆ ಎರಡನ್ನೂ ಬದಲಾಯಿಸಬಹುದು. ಗಾಜಿಗೂ ಅದಕ್ಕೂ ನಡುವೆ ಸಂದಿ ಉಳಿಯುತ್ತೆ, ಮೊದಲು ಇದೇನು ಕಳಪೆ ಡಿಸೈನು ಅಂದುಕೊಂಡಿದ್ದೆ. ಆ ಸಂದಿಯೇ ಮುಖ್ಯ! ಅಲ್ಲಿಂದ ನುಗ್ಗೋ ಗಾಳಿ ಹಿಂದಿನ ಖಾಲಿ ಜಾಗವನ್ನ ತುಂಬುತ್ತೆ, ಸುಳಿ ಕಡಿಮೆಯಾಗುತ್ತೆ.

ಮೂರು ಭಾನುವಾರ ಬೆಳಿಗ್ಗೆ ಇದೇ ಕೆಲಸ. ಹೆಲ್ಮೆಟ್ಟಿಗೆ, ಭುಜಕ್ಕೆ ಉಲ್ಲನ್ ನೂಲಿನ ತುಂಡು ಅಂಟಿಸಿಕೊಂಡೆ. ರೂಮ್‌ಮೇಟ್ ಇನ್ನೊಬ್ಬನ ಬೈಕಿನ ಹಿಂದೆ ಕೂತು ಪಕ್ಕದಿಂದ ವಿಡಿಯೋ ತೆಗೆದ. ನೂಲು ಮಟ್ಟಸವಾಗಿ ಮಲಗಿದರೆ ಗಾಳಿ ಸರಿ ಇದೆ, ಕುಣಿದರೆ ಸುಳಿ. ನೋಡಿದವರು ಹರಕೆ ಅಂದುಕೊಂಡಿರಬೇಕು. ಕೋಡ್ ಡಿಬಗ್ ಮಾಡೋ ಹಾಗೆ ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ರಸ್ತೆ, ಒಂದೇ ವೇಗ. 80ರಿಂದ 100ಕ್ಕೆ ಹೋದರೆ ಗಾಳಿಯ ಒತ್ತಡ ಒಂದೂವರೆ ಪಟ್ಟು ಮೀರುತ್ತೆ, ಹಾಗಾಗಿ ವೇಗ ಬದಲಾದರೆ ಹೋಲಿಕೆಯೇ ಸುಳ್ಳು. ಡಿಫ್ಲೆಕ್ಟರ್ ನೆಟ್ಟಗೆ ನಿಲ್ಲಿಸಿದರೆ ಗುಡುಗು. ಸ್ವಲ್ಪ ಹಿಂದಕ್ಕೆ ಮಲಗಿಸಿ, ಸಂದಿ ಎರಡು ಬೆರಳು ಬಿಟ್ಟಾಗ ನೂಲು ಮಲಗಿತು. ಅಂಚು ಕಣ್ಣಿಗಿಂತ ಕೆಳಗೇ ಇದೆ, ಹಾಗಾಗಿ ಮಳೆಯಲ್ಲಿ, ರಾತ್ರಿ ಎದುರಿನ ಲೈಟಿಗೆ ತೊಂದರೆ ಇಲ್ಲ. ಬೋಲ್ಟಿಗೆ ರಬ್ಬರ್ ವಾಷರ್, ನೈಲಾನ್ ನಟ್ಟು. ಲಾರಿ ಹಿಂದೆ ಹೋದರೆ ಮಾತ್ರ ಯಾವ ಗಾಜೂ ಕೆಲಸಕ್ಕೆ ಬರಲ್ಲ, ಅದರ ಸುಳಿ ಅದರದ್ದೇ.

ಇಷ್ಟೆಲ್ಲ ಆದಮೇಲೂ ಡಾಕ್ಟರು ಹೇಳಿದ್ದ ಇಪ್ಪತ್ತು ರೂಪಾಯಿಯ ಫೋಮ್ ಇಯರ್‌ಪ್ಲಗ್ ಡಿಫ್ಲೆಕ್ಟರಿಗಿಂತ ಹೆಚ್ಚು ಸದ್ದು ಇಳಿಸಿತು ಅನ್ನೋದು ಬೇಜಾರಿನ ಸಂಗತಿ. ಆದರೆ ತಲೆ ಅಲ್ಲಾಡೋದನ್ನ ಅದು ನಿಲ್ಲಿಸಲ್ಲ. ಎರಡೂ ಬೇಕು.

ದೀಪಾವಳಿಗೆ ಊರಿಗೆ ಹೋದೆ. ಅವ್ವ ಅಂದದ್ದು ಮೊದಲ ಸಲಕ್ಕೇ ಕೇಳಿಸ್ತು: "ಕೈಕಾಲು ತೊಳಕೊಂಡು ಬಾ." ಅಪ್ಪನಿಗೆ ಅಂತ ಒಂದು ಪ್ಯಾಕೆಟ್ ಪ್ಲಗ್ ಒಯ್ದಿದ್ದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇದನ್ನ ಇಟಗೊಂಡ್ರ ಕಲ್ಲಿನ ಸದ್ದು ಹೆಂಗ್ ಕೇಳ್ತೈತಪಾ? ಸದ್ದು ಕೇಳಿ ಅಲ್ಲೇನು ಹಿಟ್ಟು ನುಣ್ಣಗಾತೋ ಇಲ್ಲೋ ಗೊತ್ತಾಗೂದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಲ್ಲಾಪೆಟ್ಟಿಗೆ ಮೇಲೆ ಇಟ್ಟು ಬಂದೆ. ಹದಿನೈದು ದಿನ ಬಿಟ್ಟು ಅವ್ವ ಫೋನ್ ಮಾಡಿದ್ದಳು. ಅಪ್ಪ ಈಗ ಕಾರದ ಮಷೀನಿನ ಕಡೆಯ ಕಿವಿಗೆ ಒಂದು ಇಟ್ಟುಕೊಳ್ತಾನಂತೆ. ಇನ್ನೊಂದು ಕಿವಿ ಗಿರಣಿಗೆ.