ಕುಂಡದಲ್ಲಿಯ ಸಸಿ

ಹಣ್ಣನ್ನು ತಿಂದವನು ಅದರ ಬೀಜವನ್ನು ಬಿಸುಡುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡುವುದು ಬಯಲುಸೀಮೆಯವರಲ್ಲಿ ಸಹಜವಾದ ಸಂಗತಿ. ಮರಗಳು ವಿರಳವಾದ ನಾಡಿನಲ್ಲಿ ಬೀಜಕ್ಕೆ ಬೆಲೆ ಹೆಚ್ಚು. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ ಮಿಲಿಮೀಟರು ಮಾತ್ರ; ಬೇಸಗೆಯ ತಾಪವು ೪೦ ಡಿಗ್ರಿಯನ್ನು ಮೀರುವುದು; ಹಗಲೆಲ್ಲ ಕಾದ ಕೋಟೆಯ ಬಂಡೆಯು ರಾತ್ರಿಯೂ ಬಿಸಿಯುಸಿರನ್ನು ಬಿಡುತ್ತಿರುವುದು. ಇಂತಹ ಊರಿನಲ್ಲಿ ಅಂಗಳವಿಲ್ಲದ ಗೃಹಸ್ಥನು ಒಂದು ಮಣ್ಣಿನ ಕುಂಡವನ್ನು ತಂದು, ಮಾವಿನ ಓಟೆಯನ್ನೋ ನಿಂಬೆಯ ಬೀಜವನ್ನೋ ಊರಿ, ಮಾಳಿಗೆಯ ಮೇಲೆ ಇಡುವನು. ಮೊಳಕೆ ತಲೆಯೆತ್ತಿದಾಗ ಮನೆಮಂದಿಗೆಲ್ಲ ಆನಂದ. ಆದರೆ ಆ ಆನಂದವು ಬಹಳ ಮನೆಗಳಲ್ಲಿ ಒಂದು ತಿಂಗಳನ್ನೂ ದಾಟದು. ಸಸಿ ಬಾಡುವುದು, ಬಾಗುವುದು, ಸಾಯುವುದು. ಆಗ ಕೈಗುಣವನ್ನು ದೂರುವವರುಂಟು, ಬಿಸಿಲನ್ನು ಶಪಿಸುವವರುಂಟು. ವಿಚಾರಿಸಿ ನೋಡಿದರೆ, ಅನೇಕ ವೇಳೆ ಸಸಿಯ ಸಾವಿಗೆ ಮನೆಯವರ ಅತಿಯಾದ ಪ್ರೀತಿಯೇ ಕಾರಣವೆಂದು ಕಂಡುಬರುವುದು.

ಮೊದಲು ಮಣ್ಣಿನ ಮಾತು. ಈ ಸೀಮೆಯ ಎರೆಮಣ್ಣು ಜೋಳಕ್ಕೂ ಹತ್ತಿಗೂ ತಾಯಿಯಂತಹುದು. ಆದರೆ ಕುಂಡದೊಳಗೆ ಅದೇ ಮಣ್ಣು ನೆನೆದಾಗ ಉಬ್ಬಿ ಅಂಟಾಗುವುದು, ಒಣಗಿದಾಗ ಬಿರಿದು ಎಳೆಬೇರನ್ನು ಹರಿಯುವುದು. ಬೇರಿಗೂ ಉಸಿರಾಟವುಂಟೆಂಬುದನ್ನು ಮರೆಯಲಾಗದು. ಆದಕಾರಣ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವುಗಳನ್ನು ಸಮಪಾಲಾಗಿ ಬೆರಸಿ ತುಂಬುವುದು ಲೇಸು. ಹಸಿಗೊಬ್ಬರ ಕೂಡದು; ಅದರ ಕಾವಿಗೆ ಬೇರು ಬೇಯುವುದು. ಕುಂಡದ ತಳದಲ್ಲಿ ತೂತು ಇರಲೇಬೇಕು. ಅದರ ಮೇಲೆ ಬೋಕಿಯ ಚೂರೊಂದನ್ನು ಕವುಚಿದರೆ ಮಣ್ಣು ನಿಲ್ಲುವುದು, ನೀರು ಇಳಿಯುವುದು.

ಇನ್ನು ನೀರು. ಬೆಳಿಗ್ಗೆ ಯಜಮಾನನು ಒಂದು ಚೆಂಬು ಎರೆಯುವನು. ಅದನ್ನರಿಯದ ಮನೆಯಾಕೆ ಮಧ್ಯಾಹ್ನ ಇನ್ನೊಂದು ಚೆಂಬು. ಸಂಜೆ ಶಾಲೆಯಿಂದ ಬಂದ ಹುಡುಗರು ಮತ್ತೊಂದು. ಸದಾ ತೊಯ್ದಿರುವ ಮಣ್ಣಿನಲ್ಲಿ ಶಿಲೀಂಧ್ರಗಳು ಬೆಳೆದು, ನೆಲಕ್ಕೆ ತಾಗಿದ ಎಳೆಕಾಂಡದ ಕೊರಳನ್ನೇ ಕೊಳೆಸುವುವು. ನಿನ್ನೆ ನೆಟ್ಟಗೆ ನಿಂತಿದ್ದ ಪಪ್ಪಾಯಿಯ ಸಸಿ ಇಂದು ಕುಡುಗೋಲಿನಿಂದ ಕೊಯ್ದಂತೆ ಮಲಗುವುದು ಈ ರೋಗದಿಂದಲೇ. ಬಾಡಿದ ಎಲೆಯನ್ನು ಕಂಡೊಡನೆ ನೀರೆರೆಯುವುದು ವಾಡಿಕೆ. ಆದರೆ ಕೊಳೆತ ಬೇರು ನೀರನ್ನು ಹೀರಲಾರದುದರಿಂದಲೂ ಎಲೆ ಬಾಡುವುದುಂಟು. ಆಗ ಎರೆದ ನೀರು ವಿಷವೇ ಸರಿ. ಮಣ್ಣಿನಲ್ಲಿ ಬೆರಳನ್ನು ಒಂದು ಅಂಗುಲ ಊರಿ ನೋಡಿ, ತಂಪಿದ್ದರೆ ಸುಮ್ಮನಿರತಕ್ಕದ್ದು. ಒಣಗಿದ್ದರೆ ತಳದ ತೂತಿನಿಂದ ನೀರಿಳಿಯುವವರೆಗೆ ಎರೆಯತಕ್ಕದ್ದು.

ಸಿರುಗುಪ್ಪದ ಬಯಲಿನಲ್ಲಿ ಇದೇ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ ಓದಬಹುದು. ತುಂಗಭದ್ರೆಯ ದಡದ ಆ ಸೀಮೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳಿಂದಲೇ ಗದ್ದೆಗಳು ನೆನೆಯುತ್ತಿದ್ದುವು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹೊಸ ಕಾಲುವೆಗಳಿಗೆ ಹರಿಯತೊಡಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಒಣಹೊಲಗಳಲ್ಲಿಯೂ ನೆಲ್ಲಿನ ಹಸಿರು ಹಬ್ಬಿತು. ೧೮೭೬ರ ಧಾತು ಸಂವತ್ಸರದ ಬರದ ಕಥೆಯನ್ನು ಹಿರಿಯರಿಂದ ಕೇಳಿ ಬೆಳೆದ ಜನಕ್ಕೆ ನೀರೇ ದೇವರು. ಆದರೆ ಬಂದ ನೀರು ಹೊರಹೋಗಲು ಬಸಿಗಾಲುವೆಯಿಲ್ಲದ ಎರೆಹೊಲಗಳಲ್ಲಿ ಅಂತರ್ಜಲವು ಮೇಲೇರಿತು; ಬಿಸಿಲಿಗೆ ನೀರು ಆರಿ ಉಪ್ಪು ಉಳಿಯಿತು; ಅಚ್ಚುಕಟ್ಟಿನ ಎಷ್ಟೋ ನೆಲ ಸವುಳಾಯಿತು. ತೂತಿಲ್ಲದ ಕುಂಡವೆಂದರೆ ಬಸಿಗಾಲುವೆಯಿಲ್ಲದ ಹೊಲವೇ. ಕೊಳವೆಬಾವಿಯ ಗಡಸುನೀರನ್ನು ಎರೆಯುವಲ್ಲಿ ಕುಂಡದ ಅಂಚಿಗೆ ಬಿಳಿಯ ಪೊರೆ ಕಟ್ಟಿದರೆ ಉಪ್ಪು ಸೇರಿತೆಂದು ತಿಳಿದು, ಮೇಲ್ಮಣ್ಣನ್ನು ಕೆರೆದು ತೆಗೆದು, ಹಿಡಿದಿಟ್ಟ ಮಳೆಯ ನೀರನ್ನು ಧಾರಾಳವಾಗಿ ಹಾಯಿಸಿ ಬಸಿಯಬೇಕು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ, ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಸಸಿಗೆ ಕಬ್ಬಿಣ ದೊರೆಯುತ್ತಿಲ್ಲವೆಂದು ಊಹಿಸಬಹುದು. ತಿಪ್ಪೆಗೊಬ್ಬರವನ್ನು ಸುರಿದ ಮಾತ್ರಕ್ಕೆ ಅದು ವಾಸಿಯಾಗದು.

ಬಿಸಿಲಿಗೆ ಹೆದರಿ ಸಸಿಯನ್ನು ಕೋಣೆಯ ಮೂಲೆಯಲ್ಲಿ ಬಚ್ಚಿಟ್ಟರೆ ಅದು ಬೆಳಕನ್ನು ಅರಸುತ್ತ ಬಿಳಿಚಿ ನೀಳವಾಗಿ ಬೆಳೆದು ಗಾಳಿಗೆ ಮುರಿಯುವುದು. ಬೆಳಗಿನ ಬಿಸಿಲು ಬೀಳಲಿ. ಮಧ್ಯಾಹ್ನಕ್ಕೆ ತಟ್ಟಿಯ ನೆರಳಿರಲಿ. ಬೇಸಗೆಯಲ್ಲಿ ಕಾದ ಕುಂಡದ ಗೋಡೆಯೇ ಬೇರನ್ನು ಸುಡುವುದರಿಂದ, ಚಿಕ್ಕ ಕುಂಡವನ್ನು ದೊಡ್ಡದರೊಳಗಿಟ್ಟು ನಡುವೆ ಒದ್ದೆಮರಳನ್ನು ತುಂಬುವುದು ಸುಲಭವಾದ ಉಪಾಯ. ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಹಿಕ್ಕೆಯಲ್ಲ, ಚಿಟ್ಟೆಯ ಮರಿಹುಳು. ಬೆಳಗಿನಲ್ಲಿ ಕೈಯಿಂದಲೇ ಆಯ್ದು ತೆಗೆದರೆ ಔಷಧವು ಬೇಡ.

ಎಲ್ಲ ಹಣ್ಣಿಗೂ ಬೀಜವೇ ದಾರಿಯಲ್ಲ. ಕುರುಗೋಡಿನ ಸೀಮೆಯ ಅಂಜೂರವನ್ನೇ ನೋಡಬಹುದು. ಹಣ್ಣಿನ ತುಂಬ ಬೀಜದಂತಹ ಕಾಳುಗಳಿದ್ದರೂ ತೋಟಗಾರನು ಅವುಗಳನ್ನು ನಂಬನು. ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ ಊರಿ ಬೇರು ಬರಿಸುವನು. ತಾಯಿಮರದ ಗುಣವು ಹಾಗೆಯೇ ಇಳಿದುಬರುವುದು. ನಿಂಬೆಯ ಬೀಜದಿಂದ ಬಹುಮಟ್ಟಿಗೆ ತಾಯಿಯಂತಹ ಗಿಡವೇ ಹುಟ್ಟುವುದು. ಆದರೆ ಸವಿಯಾದ ಕಸಿಮಾವಿನ ಓಟೆಯು ಅದೇ ಸವಿಯನ್ನು ಕೊಡುವುದೆಂಬ ಭರವಸೆಯಿಲ್ಲ. ಒಣಗಿಸಿ ಇಟ್ಟರೆ ಕೆಲವೇ ವಾರಗಳಲ್ಲಿ ಅದರ ಮೊಳೆಯುವ ಶಕ್ತಿಯೂ ಕುಂದುವುದು. ಹಾಗೆಂದು ಓಟೆಯ ಸಸಿಯನ್ನು ಹೀಯಾಳಿಸಬೇಕಿಲ್ಲ. ಅದರ ಗಟ್ಟಿಬೇರಿನ ಮೇಲೆಯೇ ಒಳ್ಳೆಯ ಜಾತಿಯನ್ನು ಕಸಿಮಾಡುವರು.

ಇಷ್ಟೆಲ್ಲ ಎಚ್ಚರದಿಂದ ಬೆಳೆಸಿದ ಸಸಿಗೆ ಕಡೆಯ ಅಪಾಯವು ಅದನ್ನು ಬಿಟ್ಟುಕೊಡಲಾರದ ಮನಸ್ಸಿನಿಂದ ಬರುವುದು. ತಳದ ತೂತಿನಿಂದ ಬೇರು ಇಣುಕಿತೆಂದರೆ ಕುಂಡದ ಋಣ ತೀರುತ್ತ ಬಂದಿತೆಂದರ್ಥ. ದೊಡ್ಡ ಕುಂಡಕ್ಕೂ ಸಾಗಿಸದೆ ಅಲ್ಲಿಯೇ ಇರಿಸಿದರೆ ಬೇರು ಗೋಡೆಗುಂಟ ಸುತ್ತಿ ತನ್ನನ್ನು ತಾನೇ ಬಿಗಿದುಕೊಳ್ಳುವುದು. ಮುಂದೆ ನೆಲಕ್ಕೆ ಇಳಿಸಿದರೂ ಆ ಸುರುಳಿ ಬಿಚ್ಚಿಕೊಳ್ಳದು. ಕುಂಡವು ತವರುಮನೆಯಿದ್ದಂತೆ: ಅಲ್ಲಿ ಬೆಳೆಯಬೇಕು, ಅಲ್ಲಿಯೇ ಉಳಿಯಬಾರದು. ಮಾಳಿಗೆಯವನಿಗೆ ನೆಲವಿಲ್ಲದಿದ್ದರೆ ನೆಂಟರ ಹಿತ್ತಿಲು, ಶಾಲೆಯ ಬಯಲು, ಹೊಲದ ಬದು ಇದ್ದೇ ಇವೆ. ಓಟೆಯಿಂದ ಬಂದ ಮಾವು ಫಲಕ್ಕೆ ಬರಲು ಐದಾರು ವರ್ಷಗಳಿಗೂ ಮೀರಿ ಬೇಕಾದೀತು. ಅಷ್ಟರಲ್ಲಿ ಅದನ್ನು ಬೆಳೆಸಿದವನ ಹೆಸರು ಅಲ್ಲಿ ಯಾರಿಗೂ ತಿಳಿಯದಿರಬಹುದು. ಮುಂಗಾರು ನಾಲ್ಕು ಹನಿ ಬಿದ್ದು ನೆಲ ತಣಿದ ಮೇಲೆ, ಒಂದು ಸಂಜೆ, ಹೆಂಟೆ ಒಡೆಯದಂತೆ ಸಸಿಯನ್ನು ಎತ್ತಿ ಅಲ್ಲಿ ಇಳಿಸಿ ಬರತಕ್ಕದ್ದು.