ಹೊಸ್ತಿಲಾಚೆಯ ನಾಯಿ

ಒಂದು ಬೇಸಿಗೆ ರಜೆಯಲ್ಲಿ ಪುಣೆಯಿಂದ ಮೂಡಲಗಿಗೆ ಬಂದ ತಂಗಿಯ ಮಗ, ಗೆಳೆಯನ ಮನೆಯ ನಾಯಿಯ ಫೋಟೋ ತೋರಿಸಿದ. ಗಿಡ್ಡ ಕಾಲು, ನೆಲ ಗುಡಿಸುವ ಕಿವಿ, ಯಾರೋ ಬೈದು ಕೂರಿಸಿದಂಥ ಸಪ್ಪೆ ಮುಖ. ಬ್ಯಾಸೆಟ್ ಹೌಂಡ್ ಅಂತೆ. ಮಕ್ಕಳು ಮೈಮೇಲೆ ಬಿದ್ದರೂ ಸುಮ್ಮನಿರುತ್ತದಂತೆ. ಅಂದಿನಿಂದ ಎಂಟು ವರ್ಷದ ನನ್ನ ಮಗಳದು ಒಂದೇ ಹಟ: "ಅಬ್ಬಾ, ನಮಗೂ ಒಂದು ನಾಯಿ ಬೇಕು."

ಇದಕ್ಕೆ ಮನೆಯಲ್ಲಿ ಎರಡು ಅಡ್ಡಿಗಳಿದ್ದವು. ಒಂದು ಅಮ್ಮಿ. "ನಕ್ಕೊ ಬೇಟಾ, ನಾಯಿ ಇರೋ ಮನೆಗೆ ಫರಿಶ್ತೆಗಳು ಬರೂದಿಲ್ಲ" ಅಂದಳು. ಇನ್ನೊಂದು ನಾನೇ. ನಾನು ಉರ್ದು ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತ್ತು. ಮನೆಯವರು ಗಾಯಕ್ಕೆ ಖಾರದಪುಡಿ ಮೆತ್ತಿದರು. ಆಮೇಲೆ ಹೊಟ್ಟೆಗೆ ಹದಿನಾಲ್ಕು ಸೂಜಿ. ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಚುಚ್ಚುತ್ತಾರೆ. ಗಾಯಕ್ಕೆ ಖಾರ, ಸುಣ್ಣ ಏನೂ ಹಚ್ಚದೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅದೇ ದಿನ ದವಾಖಾನೆಗೆ ಹೋಗಬೇಕು ಎನ್ನುವುದನ್ನೂ ಕಲಿತಿದ್ದೇವೆ. ಆದರೆ ನನ್ನೊಳಗಿನ ಅಂಜಿಕೆ ಮಾತ್ರ ಹೋಗಿರಲಿಲ್ಲ.

ಬ್ಯಾಸೆಟ್ ಬಗ್ಗೆ ಪರಿಚಯದ ಪಶುವೈದ್ಯರನ್ನು ಕೇಳಿದೆ. ಅವರು ನಕ್ಕರು. "ಫ್ರಾನ್ಸ್ ಮೂಲದ ನಾಯಿ ಅದು, ಸ್ವಭಾವ ಸಾಧು. ಆದರೆ ಉದ್ದ ಬೆನ್ನು, ಹುಡುಗರು ಮೇಲೆ ಕೂತರೆ ಬೆನ್ನು ಹೋಗತದ. ಜೋಲು ಕಿವಿಯೊಳಗ ಹುಣ್ಣು, ಕೂತು ತಿಂದರ ಬೊಜ್ಜು. ನಮ್ಮ ಬಿಸಿಲಿಗೆ ಯಾಕ್ರೀ ಅದು? ಮುಧೋಳ ಮಗ್ಗಲದಾಗ ಐತಲ್ಲ."

ನಿಜ. ಗೋಕಾಕದಲ್ಲಿ ಧುಮುಕುವ ಘಟಪ್ರಭೆಯೇ ಮುಂದೆ ಹರಿದು ಮುಧೋಳ ಸೇರುತ್ತದೆ. ಅಲ್ಲಿನ ಸಂಸ್ಥಾನಿಕ ಮಾಲೋಜಿರಾವ್ ಘೋರ್ಪಡೆ ಅವರು ಪೋಷಿಸಿ ಹೆಸರಿಗೆ ತಂದ ಬೇಟೆನಾಯಿಯದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೂ ಹೋದವು. ಅರಬ, ಪರ್ಶಿಯಾ ಕಡೆಯಿಂದ ಬಂದ ಸಲುಕಿಯಂಥ ನಾಯಿಗಳ ರಕ್ತ ಇದರಲ್ಲಿದೆ ಎನ್ನುತ್ತಾರೆ. ಹಾಗಿದ್ದರೆ ನಮ್ಮ ದಖನಿ ಮಾತಿನಂತೆಯೇ ಇದೂ ಹೊರಗಿನಿಂದ ಬಂದು ಈ ನೆಲದ್ದಾಗಿ ಹೋದದ್ದು.

ಆದರೆ ಮಕ್ಕಳಿರುವ ಮನೆಗೆ ಆದೀತೇ? ಬ್ಯಾಸೆಟ್ ವಾಸನೆ ಹಿಡಿದು ನಿಧಾನಕ್ಕೆ ಹೋಗುವ ನಾಯಿ. ಮುಧೋಳದ್ದು ಕಣ್ಣಿನಿಂದ ಬೇಟೆ ಹುಡುಕುವುದು. ಓಡುವುದೇನು ಕಂಡರೂ, ಕೋಳಿಯಾಗಲಿ ಬೆಕ್ಕಾಗಲಿ, ಬೆನ್ನು ಹತ್ತುತ್ತದೆ. ಮನೆಯವರೊಂದಿಗೆ ಮೆತ್ತಗಿದ್ದರೂ ಪರಕೀಯರು ಮೈ ಮುಟ್ಟಿದರೆ ಅದಕ್ಕೆ ಸೇರದು. ಓಡಾಡಲು ಬಯಲು ಬೇಕು. ಅರಭಾವಿ ದಾರಿಯಲ್ಲಿ ಕುರಿ ಕಾಯುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ. ಅವರ ಮೊಮ್ಮಗ ಎರಡು ನಾಯಿಗಳ ನಡುವೆ ನಿದ್ದೆ ಹೋಗಿದ್ದ. "ಸಾಹೇಬ್ರ, ನಾಯಿ ಛಲೋ ಐತಿಲ್ಲೋ ಅಂತ ಕೇಳತೀರಿ. ನಿಮ್ಮ ಹುಡುಗ್ರು ಛಲೋ ಅದಾರೇನು, ಅದನ್ನ ಹೇಳ್ರಿ ಮೊದಲ" ಅಂದರು.

ಅಮ್ಮಿಯ ಮಾತಿಗೆ ಅಮ್ಮಿಯೇ ದಾರಿ ತೋರಿಸಿದಳು. ಹೊಲ, ದನಕರು ಕಾಯುವ ನಾಯಿಗೆ, ಬೇಟೆಯ ನಾಯಿಗೆ ನಮ್ಮಲ್ಲಿ ಮನಾಯಿ ಇಲ್ಲ. ತರಬೇತಾದ ನಾಯಿ ಹಿಡಿದು ತಂದ ಬೇಟೆಯನ್ನು ಕುರಾನೇ ಹಲಾಲ್ ಎಂದಿದೆ. ಗವಿಯಲ್ಲಿ ಮಲಗಿದ ಅಸ್ಹಾಬೆ ಕಹಫ್‌ರ ಜೊತೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತ ನಾಯಿಯ ಕತೆಯನ್ನು ನನಗೆ ಹೇಳಿದವಳೇ ಅವಳು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದುಕೊಟ್ಟವನ ಪಾಪ ಅಲ್ಲಾಹ್ ಮನ್ನಿಸಿದ ಹದೀಸನ್ನೂ ಅವಳೇ ಹೇಳಿದ್ದಳು. ಹೀಗಾಗಿ ತೀರ್ಮಾನವಾಯಿತು: ನಾಯಿ ಹೊಲದ ಮನೆಯಲ್ಲಿ, ಹೊಸ್ತಿಲಾಚೆ. ಜೊಲ್ಲು ತಾಗಿದ ಬಟ್ಟೆ ತೊಳೆಯದೆ ಜಾನಮಾಜಿನ ಹತ್ತಿರ ಬರಬಾರದು.

ಶೇರು ಬಂದ. ಲಸಿಕೆಗಳನ್ನೆಲ್ಲ ಹಾಕಿಸಿದೆವು. ಮೊದಲ ವರ್ಷವೇ ಪಕ್ಕದ ಹೊಲದವರ ಎರಡು ಕೋಳಿ ಹಿಡಿದ, ದುಡ್ಡು ಕೊಟ್ಟೆ. ಮಗಳು ಅವನೊಂದಿಗೆ ಕಬ್ಬಿನ ಬದುವಿನ ಮೇಲೆ ಓಡುವುದನ್ನು ನೋಡುತ್ತ ನನ್ನ ಅಂಜಿಕೆ ಸಡಿಲವಾಗತೊಡಗಿತ್ತು.

ಒಂದು ಸಂಜೆ ಅವನು ರೊಟ್ಟಿ ತಿನ್ನುತ್ತಿದ್ದಾಗ ಮಗಳು ಆಟಕ್ಕೆಂದು ತಾಟು ಎಳೆದಳು. ಶೇರು ಹಲ್ಲು ತೋರಿಸಿ ಗುರ್ ಎಂದ. ಕಚ್ಚಲಿಲ್ಲ, ಅಷ್ಟೇ ಎಂದ. ನನಗೆ ಮೀನಖಂಡ ಉರಿದಂತಾಯಿತು. ಬಡಿಗೆ ಎತ್ತಿಕೊಂಡೆ. ಹೊಸ್ತಿಲಲ್ಲಿ ತಸ್ಬೀಹ್ ಹಿಡಿದು ಕೂತಿದ್ದ ಅಮ್ಮಿ ಕೂಗಿದಳು: "ಅದಕ್ಕ ಯಾಕ ಹೊಡೀತಿ? ಉಣ್ಣೋರ ಮುಂದಿನ ತಾಟು ಎಳೆದವರು ಯಾರು? ಅದು ಬಾಯಿಬಿಟ್ಟು ಹೇಳೂದು ಹ್ಯಾಂಗ? ಹಾಂಗೇ ಹೇಳತೈತಿ."

ಬಡಿಗೆ ಇಳಿಯಿತು. ಗುರ್ ಎಂದದ್ದಕ್ಕೆ ಹೊಡೆದರೆ ನಾಯಿ ಗುರ್ ಎನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ ಎಂದು ಆಮೇಲೆ ವೈದ್ಯರೂ ಹೇಳಿದರು. ಅಂದಿನಿಂದ ಮನೆಯಲ್ಲಿ ನಿಯಮಗಳಾದವು. ಉಣ್ಣುವಾಗ, ಮಲಗಿದಾಗ ನಾಯಿಯನ್ನು ಮುಟ್ಟಬಾರದು. ಬಾಲ, ಕಿವಿ ಎಳೆಯಬಾರದು. ಸಣ್ಣ ಮಕ್ಕಳನ್ನು ಯಾವ ನಾಯಿಯ ಜೊತೆಗೂ, ಎಷ್ಟೇ ಸಾಧುವಿರಲಿ, ಒಂಟಿಯಾಗಿ ಬಿಡಬಾರದು.

ಯಾವ ನಾಯಿ ಮಕ್ಕಳಿಗೆ ಒಳ್ಳೆಯದು ಎಂದು ಗೆಳೆಯರು ಈಗಲೂ ಕೇಳುತ್ತಾರೆ. ಕುರಿಗಾರ ಮುದುಕರ ಪ್ರಶ್ನೆಯನ್ನೇ ಅವರಿಗೆ ದಾಟಿಸುತ್ತೇನೆ. ಬಯಲಿಲ್ಲದ, ಹೊತ್ತಿಲ್ಲದ, ಮಕ್ಕಳಿಗೆ ಬುದ್ಧಿ ಹೇಳಲು ಪುರಸೊತ್ತಿಲ್ಲದ ಮನೆಗೆ ಯಾವ ಜಾತಿಯ ನಾಯಿಯೂ ಒಳ್ಳೆಯದಲ್ಲ.

ಅಮ್ಮಿ ಇವತ್ತಿಗೂ ಶೇರುವನ್ನು ಮುಟ್ಟಿಲ್ಲ. ಆದರೆ ಮಗರಿಬ್ ನಮಾಜಿಗೆ ವಜೂ ಮಾಡುವ ಮೊದಲು ಅವನ ಬೋಗುಣಿಗೆ ನೀರು ಹಾಕುವವಳು ಅವಳೇ.