ಐದು ರೂಪಾಯಿ ಡಬ್ಬಿ

ಹತ್ತನೇ ಕ್ಲಾಸಿನ ಮೊದಲ ಸಿವಿಕ್ಸ್ ಪೀರಿಯಡ್‌ನಲ್ಲಿ ನಮಗೆ ಪಾಠ ಆಗಲಿಲ್ಲ. ಒಂದು ಝೆರಾಕ್ಸ್ ಹಾಳೆ ಸಿಕ್ಕಿತು. ಅದನ್ನ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ, ಕೆಳಗೆ ಅಪ್ಪನದ್ದೋ ಅಮ್ಮನದ್ದೋ ಸೈನ್ ಹಾಕಿಸಿಕೊಂಡು ಬರಬೇಕಿತ್ತು. ಒಟ್ಟು ಹನ್ನೆರಡು ರೂಲ್ಸು. ಬೆಲ್ ಆದ ಮೇಲೆ ಬಂದರೆ ಬಾಗಿಲ ಹೊರಗೆ ನಿಲ್ಲಬೇಕು. ಹೆಡ್ಡಿಂಗ್ ಕಪ್ಪು ಪೆನ್ನಲ್ಲಿ, ಉತ್ತರ ನೀಲಿ ಪೆನ್ನಲ್ಲಿ. ಕೈ ಎತ್ತದೆ ಮಾತಾಡಿದರೆ ಲೀಡರ್ ಬೋರ್ಡ್ ಮೇಲೆ ಹೆಸರು ಬರೀತಾನೆ. ಹನ್ನೊಂದನೇದು, ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡಿದರೆ ಐದು ರೂಪಾಯಿ ಫೈನ್. ಅದಕ್ಕೆ ಅಂತಲೇ ಮೇಜಿನ ಮೇಲೆ ಒಂದು ಖಾಲಿ ಬೂಸ್ಟ್ ಡಬ್ಬಿ ಇರ್ತಿತ್ತು, ಮುಚ್ಚಳಕ್ಕೆ ತೂತು ಕೊರೆದು.

ನಾವು ಅಂದರೆ ಮೂರನೇ ಬೆಂಚಿನ ಮೂರು ಜನ. ಈಗ ಮೂರೂ ಜನ ಇದೇ ಕ್ಯಾಂಪಸ್‌ನಲ್ಲಿದ್ದೀವಿ, ಬ್ರ್ಯಾಂಚ್ ಮಾತ್ರ ಬೇರೆ ಬೇರೆ. ಆವಾಗ ನಮಗೆ ಆ ಹಾಳೆ ಏನೂ ಅನ್ನಿಸಿರಲಿಲ್ಲ. ಎಲ್ಲಾ ಸಬ್ಜೆಕ್ಟಿಗೂ ಒಂದೊಂದು ಹಾಳೆ ಇರ್ತಿತ್ತು. ಸಿವಿಕ್ಸ್ ಬೋರ್ಡ್ ಎಕ್ಸಾಮಿನಲ್ಲಿ ಇಪ್ಪತ್ತೇ ಮಾರ್ಕಿಂದು. ನೋಟ್ಸ್ ಬಾಯಿಪಾಠ ಮಾಡಿದರೆ ಮುಗೀತು.

ಮೊದಲ ಪಾಠ ಅಧಿಕಾರ ಹಂಚಿಕೆ. ಅದರಲ್ಲಿ ಎರಡು ದೇಶ ಬರುತ್ತೆ, ಬೆಲ್ಜಿಯಂ ಮತ್ತು ಶ್ರೀಲಂಕಾ. ಶ್ರೀಲಂಕಾಗೆ ಸ್ವಾತಂತ್ರ್ಯ ಸಿಕ್ಕಿದ್ದು 1948ರಲ್ಲಿ. 1956ರಲ್ಲಿ ಕಾನೂನು ಮಾಡಿ ಸಿಂಹಳ ಒಂದನ್ನೇ ಅಧಿಕೃತ ಭಾಷೆ ಮಾಡಿದರು. ತಮಿಳು ಮಾತಾಡೋರು ಪರಕೀಯರ ತರ ಆಗಿಹೋದರು, ಕೊನೆಗೆ ಅದು ಅಂತರ್ಯುದ್ಧದವರೆಗೂ ಹೋಯ್ತು. ಬೆಲ್ಜಿಯಂನಲ್ಲೂ ಡಚ್ಚು, ಫ್ರೆಂಚು ಅಂತ ಜಗಳ ಇತ್ತು. ಆದರೆ ಅವರು 1970ರಿಂದ 1993ರೊಳಗೆ ಸಂವಿಧಾನವನ್ನ ನಾಲ್ಕು ಸಲ ತಿದ್ದಿದರು. ಕೇಂದ್ರದ ಮಂತ್ರಿಗಳಲ್ಲಿ ಎರಡೂ ಭಾಷೆಯವರು ಸಮಸಮ ಇರಬೇಕು ಅಂತ ಮಾಡಿಕೊಂಡರು. ಮಿಸ್ ಇದನ್ನ ಚೆನ್ನಾಗಿಯೇ ಹೇಳಿದರು. ಶ್ರೀಲಂಕಾದಲ್ಲಿ ಆ ಕಾನೂನು ಬಂದ ವರ್ಷವೇ ಇಲ್ಲಿ ಭಾಷೆ ಪ್ರಕಾರ ರಾಜ್ಯಗಳಾದವು, ನವೆಂಬರ್ ಒಂದಕ್ಕೆ ನಮ್ಮ ರಾಜ್ಯ ಒಂದಾಯ್ತು ಅಂತಲೂ ಹೇಳಿದರು.

ಆವಾಗ ಕೊನೇ ಬೆಂಚಿನ ಗೆಳೆಯ ಕೈ ಎತ್ತಿದ. ಅವನು ಎಂಟನೇ ಕ್ಲಾಸಿಗೆ ಕನ್ನಡ ಮೀಡಿಯಂನಿಂದ ಬಂದವನು. ಲೆಕ್ಕದಲ್ಲಿ ನಮಗಿಂತ ಮುಂದೆ, ಆದರೆ ಬಾಯಿ ಬಿಡ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ಶುರು ಮಾಡಿದ, ಅರ್ಧಕ್ಕೆ ನಿಂತ, ಆಮೇಲೆ ಕನ್ನಡದಲ್ಲೇ ಕೇಳಿಬಿಟ್ಟ: "ಮಿಸ್, ಹಾಗಾದ್ರೆ ನಮ್ಮ ಹನ್ನೊಂದನೇ ರೂಲೂ ಅದೇ ತರ ಅಲ್ವಾ?"

ಇಡೀ ಕ್ಲಾಸು ನಕ್ಕಿತು. ನಾವೂ ನಕ್ಕೆವು. ಲೀಡರ್ ಡಬ್ಬಿ ತೋರಿಸಿದ. ಅವನು ಎದ್ದು ಬಂದು ಐದು ರೂಪಾಯಿ ನಾಣ್ಯ ಹಾಕಿ, ಹೋಗಿ ಕೂತ. ಮಿಸ್ ನಗಲಿಲ್ಲ. ಏನೂ ಹೇಳಲೂ ಇಲ್ಲ.

ಮುಂದಿನ ವಾರ ಅವರು ಪುಸ್ತಕ ತೆಗೆಯದೆ ಕೇರಳದ ಒಂದು ಕೇಸ್ ಹೇಳಿದರು. 1985ರಲ್ಲಿ ಅಲ್ಲಿನ ಒಂದು ಶಾಲೆಯಿಂದ ಒಂದೇ ಮನೆಯ ಮೂರು ಮಕ್ಕಳನ್ನ ಹೊರಗೆ ಹಾಕಿದ್ದರು. ರಾಷ್ಟ್ರಗೀತೆ ಬಂದಾಗ ಆ ಮಕ್ಕಳು ಗೌರವದಿಂದ ಎದ್ದು ನಿಲ್ತಿದ್ದರು, ಆದರೆ ಅವರ ಧರ್ಮದ ನಂಬಿಕೆ ಪ್ರಕಾರ ಹಾಡ್ತಿರಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತ ಹೆಸರು. 1986ರ ಆಗಸ್ಟಿನಲ್ಲಿ ಮಕ್ಕಳ ಪರವಾಗಿ ತೀರ್ಪು ಬಂತು. ಹಾಡಲೇಬೇಕು ಅಂತ ಯಾವ ಕಾನೂನೂ ಇಲ್ಲ, ಬರೀ ಇಲಾಖೆಯ ಸುತ್ತೋಲೆ ಇಟ್ಟುಕೊಂಡು ಮಕ್ಕಳ ಮೂಲಭೂತ ಹಕ್ಕು ಕಿತ್ತುಕೊಳ್ಳೋಕೆ ಆಗಲ್ಲ ಅಂತ. ಮಕ್ಕಳನ್ನ ಮತ್ತೆ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೋರ್ಟ್ ಹೇಳಿತು.

ಆಮೇಲೆ ಮಿಸ್, ಅವತ್ತು ಕನ್ನಡದಲ್ಲೇ, ಹೇಳಿದರು: "ಈ ಹಾಳೆಯಲ್ಲಿ ಹತ್ತು ರೂಲ್ ನಾನು ಮಾಡಿದ್ದು. ಯಾಕೆ ಅಂತ ಕೇಳಿ, ಹೇಳ್ತೀನಿ. ಹೇಳೋಕಾಗದೇ ಇದ್ರೆ ತೆಗೀತೀನಿ. ಹನ್ನೊಂದು, ಹನ್ನೆರಡು ಸ್ಕೂಲಿಂದು. ಅದು ನನ್ನ ಕೈಲಿಲ್ಲ. ಬೇಡ ಅನ್ಸಿದ್ರೆ ಅರ್ಜಿ ಬರೀರಿ, ನಾನೇ ಆಫೀಸಿಗೆ ಕೊಡ್ತೀನಿ." ಅವರೂ ಎದ್ದು ಡಬ್ಬಿಗೆ ಐದು ರೂಪಾಯಿ ಹಾಕಿದರು.

ಪೆನ್ನಿನ ಬಣ್ಣದ ರೂಲ್ ಅವತ್ತೇ ಹೋಯ್ತು. ಬೆಲ್‌ನ ರೂಲ್ ಉಳಿಯಿತು. ಬಸ್ಸಿನಲ್ಲಿ ಬರೋರಿಗೆ ಐದು ನಿಮಿಷ ಜಾಸ್ತಿ ಸಿಕ್ಕಿತು. ಯಾರನ್ನೂ ಕೇಳದೆ ಮಾಡಿದ್ದ ಲೀಡರ್ ಜಾಗಕ್ಕೆ ಚೀಟಿ ಹಾಕಿ ಓಟು ಮಾಡಿದೆವು. ಗೆದ್ದಿದ್ದು ಅದೇ ಹಳೇ ಲೀಡರೇ, ಆದರೆ ಆಮೇಲೆ ಅವನು ಹೆಸರು ಬರೆಯೋ ಮುಂಚೆ ಒಂದು ಸಲ ಎಚ್ಚರಿಸೋಕೆ ಶುರು ಮಾಡಿದ.

ಅರ್ಜಿಯನ್ನ ಕೊನೇ ಬೆಂಚಿನ ಗೆಳೆಯನೇ ಬರೆದ. ಹಾಳೆ ಬೆಂಚಿಂದ ಬೆಂಚಿಗೆ ಬಂತು. ನಮ್ಮ ಬೆಂಚಿಗೂ ಬಂತು. ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಪ್ಪತ್ತು ಮಾರ್ಕ್ಸ್ ಇಂಟರ್ನಲ್ಸ್ ಸ್ಕೂಲ್ ಕೈಲಿದೆ, ಸುಮ್ನೆ ಯಾಕೆ ಅಂತ ಮುಂದಿನ ಬೆಂಚಿಗೆ ದಾಟಿಸಿದೆವು. ನಲವತ್ತು ಜನರ ಕ್ಲಾಸಿನಲ್ಲಿ ಸೈನ್ ಬಿದ್ದಿದ್ದು ನಾಲ್ಕು. ಅರ್ಜಿ ಆಫೀಸಿಗೆ ಹೋಯ್ತು, ಉತ್ತರ ಬರಲಿಲ್ಲ. ಡಬ್ಬಿ ವರ್ಷ ಪೂರ್ತಿ ಅಲ್ಲೇ ಇತ್ತು. ಗೆಳೆಯ ಮತ್ತೆ ಕೈ ಎತ್ತಿದ್ದು ನಮಗೆ ನೆನಪಿಲ್ಲ. ಪಾಠ ನಮಗೆ ಅರ್ಥ ಆಗಿತ್ತು. ಬೋರ್ಡ್ ಎಕ್ಸಾಮಿನಲ್ಲಿ ಬೆಲ್ಜಿಯಂ ಬಗ್ಗೆ ಪುಟಗಟ್ಟಲೆ ಬರೆದೆವು. ಸೈನ್ ಮಾತ್ರ ಹಾಕಲಿಲ್ಲ.

ಇದೆಲ್ಲ ಈಗ ನೆನಪಾಗೋಕೆ ಕಾರಣ ನಮ್ಮದೇ ಕನ್ನಡ ಸಂಘ. ಈ ವರ್ಷ ನಾವು ಸೆಕೆಂಡ್ ಇಯರ್‌ನವರು ಸೇರಿ ಮೀಟಿಂಗಿಗೆ ರೂಲ್ಸ್ ಮಾಡಿದೆವಲ್ಲ, ಇಂಗ್ಲಿಷ್ ಪದಕ್ಕೆ ಹತ್ತು ರೂಪಾಯಿ ದಂಡ ಅಂತ? ತಮಾಷೆಗೆ ಅಂತಲೇ ಮಾಡಿದ್ದು. ನಾವೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ನಾವೇ ಜಾಸ್ತಿ ಕಟ್ಟಿದ್ದು. ಕಟ್ಟೋವಾಗ ನಗ್ತಾನೇ ಕಟ್ಟಿದೆವು. ಆದರೆ ಒಬ್ಬಳು ಜೂನಿಯರ್ ಮೊದಲ ಮೀಟಿಂಗಿನಲ್ಲಿ ಮೂರು ಸಲ ಕಟ್ಟಿ, ಆಮೇಲೆ ಎರಡು ಮೀಟಿಂಗ್ ಬಾಯಿ ಬಿಡದೆ ಕೂತಿದ್ದಳು. ಮನೆಯಲ್ಲಿ ತುಳು, ಸ್ಕೂಲಲ್ಲಿ ಇಂಗ್ಲಿಷ್. ನಾಟಕದ ಬಗ್ಗೆ ಅವಳ ಹತ್ರ ಒಳ್ಳೇ ಐಡಿಯಾ ಇತ್ತು ಅಂತ ಆಮೇಲೆ ಗೊತ್ತಾಯ್ತು. "ಮೀಟಿಂಗಲ್ಲೇ ಯಾಕಮ್ಮಾ ಹೇಳ್ಲಿಲ್ಲ?" ಅಂತ ಕೇಳಿದ್ದಕ್ಕೆ, "ತಪ್ಪಾದ್ರೆ ಎಲ್ರೂ ಡಬ್ಬಿ ತೋರಿಸ್ತಾರಲ್ಲ ಅಣ್ಣಾ" ಅಂದಳು.

ಅವತ್ತು ರಾತ್ರಿ ಹಾಸ್ಟೆಲ್ ಟೆರೇಸ್ ಮೇಲೆ ಮೂರು ಜನಕ್ಕೂ ಒಂದೇ ವಿಷಯ ಹೊಳೀತು. ಸ್ಕೂಲಿನ ರೂಲಿಗೂ ಶ್ರೀಲಂಕಾಗೂ ಸ್ವಲ್ಪ ವ್ಯತ್ಯಾಸ ಇತ್ತು. ಇಂಗ್ಲಿಷ್ ನಮ್ಮ ಕ್ಲಾಸಿನಲ್ಲಿ ಯಾರ ಮನೆ ಮಾತೂ ಅಲ್ಲ. ಆದರೆ ಸಂಘದ ಮೀಟಿಂಗಿನಲ್ಲಿ ಬಹುಸಂಖ್ಯಾತರು ನಾವೇ, ರೂಲ್ ಮಾಡಿದವರೂ ನಾವೇ, ಡಬ್ಬಿ ಹಿಡಿದವರೂ ನಾವೇ. ಫಸ್ಟ್ ಇಯರ್‌ನವರನ್ನ ಒಂದು ಮಾತು ಕೇಳಿರಲಿಲ್ಲ. ಪಾಠದಲ್ಲಿದ್ದ ಹಾಗೆಯೇ ಮಾಡಿದ್ದು ನಾವು, ಅದೂ ಕನ್ನಡದ ಹೆಸರಲ್ಲಿ.

ಕನ್ನಡ ಮಾತಾಡಿ ಅಂತ ಹೇಳೋದು ತಪ್ಪು ಅಂತಲ್ಲ. ಇದು ಕನ್ನಡ ಸಂಘ, ಇಲ್ಲಿ ಕನ್ನಡವೇ ನಡೀಬೇಕು. ಆದರೆ ತಪ್ಪು ಕನ್ನಡ ಮಾತಾಡೋಕೂ ಜಾಗ ಇಲ್ಲ ಅಂದರೆ ಕಲಿಯೋದು ಎಲ್ಲಿ? ಫಸ್ಟ್ ಇಯರ್‌ನಲ್ಲಿ ಸಂವಿಧಾನವನ್ನ ಒಂದು ಕ್ರೆಡಿಟ್‌ಗೆ ಎಲ್ಲರೂ ಓದಿದ್ದೀವಿ, ಆರ್ಟಿಕಲ್ ನಂಬರ್ ಕೇಳಿದರೆ ಟಿಕ್ ಹಾಕ್ತೀವಿ. ಹತ್ತು ಜನರ ಮೀಟಿಂಗಿಗೆ ರೂಲ್ ಮಾಡೋವಾಗ ಅದು ನೆನಪಿಗೆ ಬರಲಿಲ್ಲ.

ಡಬ್ಬಿ ಒಡೆದಾಗ 170 ರೂಪಾಯಿ ಇತ್ತು. ಅದರಲ್ಲಿ ಮೂವತ್ತು ಅವಳಿಗೆ ವಾಪಸ್ ಕೊಟ್ಟೆವು, ಉಳಿದಿದ್ದಕ್ಕೆ ಕ್ಯಾಂಟೀನಿನಲ್ಲಿ ಟೀ ಆಯ್ತು. ಕೊನೇ ಬೆಂಚಿನ ಗೆಳೆಯ ಈಗ ಬೇರೆ ಊರಲ್ಲಿ ಓದ್ತಿದ್ದಾನೆ. ಇಷ್ಟೂ ವಿಷಯ ಮೆಸೇಜ್ ಮಾಡಿ, ಸಾರಿ ಕಣೋ ಅಂದೆವು. "ಸೈನ್ ಹಾಕೋಕೆ ನಾಲ್ಕು ವರ್ಷ ಬೇಕಾಯ್ತೇನ್ರೋ?" ಅಂತ ಕಳಿಸಿದ. ನಗೋ ಎಮೋಜಿ ಹಾಕಿರಲಿಲ್ಲ.

ಹೊಸ ರೂಲ್ಸ್ ಹಾಳೆ ಸಂಘದ ರೂಮಿನ ಬಾಗಿಲಿಗೆ ಅಂಟಿಸಿದ್ದೀವಿ. ಮೇಲೆ ಎರಡೇ ಸಾಲು ಬರೆದಿದ್ದೀವಿ, ಕೆಳಗೆ ಖಾಲಿ ಬಿಟ್ಟಿದ್ದೀವಿ. ಮುಂದಿನ ಮೀಟಿಂಗಿಗೆ ಬರೋವಾಗ ಪೆನ್ನು ತನ್ನಿ. ಯಾವ ಬಣ್ಣದ್ದಾದರೂ ಪರವಾಗಿಲ್ಲ.